ಲಾ ಸ್ಕೂಲ್ ಕ್ಲಿನಿಕ್‌ಗೆ ಸಾಕ್ಷ್ಯಚಿತ್ರ ಒಯ್ಯುವ ಮುನ್ನ

ಅಮೆರಿಕದಲ್ಲಿ ಸಾಕ್ಷ್ಯಚಿತ್ರ ಮಾಡುವವರಿಗೆ ಪುಕ್ಕಟೆಯಾಗಿ ಸಿಗುವ ಸೇವೆಗಳ ಪೈಕಿ ಕಾನೂನು ಕಾಲೇಜುಗಳ ಕ್ಲಿನಿಕ್‌ಗೆ ಸಾಟಿಯಾದದ್ದು ಕಡಿಮೆ. ಎರಡನೇ ಅಥವಾ ಮೂರನೇ ವರ್ಷದ ಲಾ ವಿದ್ಯಾರ್ಥಿಗಳು, ವಕಾಲತ್ತಿನ ಪರವಾನಗಿ ಇರುವ ಪ್ರಾಧ್ಯಾಪಕರ ಉಸ್ತುವಾರಿಯಲ್ಲಿ, ನಿಮ್ಮ ಚಿತ್ರವನ್ನು ಕ್ಲಿಪ್ ಕ್ಲಿಪ್ ಆಗಿ ನೋಡುತ್ತಾರೆ. ಹಳೆಯ ಟೀವಿ ಸುದ್ದಿ, ಸಿನಿಮಾ ತುಣುಕು, ಜಾಹೀರಾತು, ಪತ್ರಿಕೆಯ ಫೋಟೊ, ಟ್ಯಾಕ್ಸಿಯಲ್ಲಿ ಕೇಳಿಬಂದ ಹಾಡು – ಇವುಗಳಲ್ಲಿ ಯಾವುದನ್ನು ಫೇರ್ ಯೂಸ್ (ಬೇರೆಯವರ ಕೃತಿಯನ್ನು ಕೆಲವು ಸಂದರ್ಭಗಳಲ್ಲಿ ಬಳಸಲು ಕಾಪಿರೈಟ್ ಕಾನೂನು ಕೊಡುವ ಅವಕಾಶ) ಅಡಿ ಅನುಮತಿ ಇಲ್ಲದೆ ಬಳಸಬಹುದು, ಯಾವುದಕ್ಕೆ ಲೈಸೆನ್ಸ್ ತೆಗೆದುಕೊಳ್ಳಲೇಬೇಕು, ಯಾವುದನ್ನು ಕತ್ತರಿಸಿ ಚಿಕ್ಕದು ಮಾಡಿದರೆ ಸಾಕು ಎಂದು ಬರೆದು ಕೊಡುತ್ತಾರೆ. ಫೀಸಿಲ್ಲ. ಅಮೆರಿಕನ್ ಬಾರ್ ಅಸೋಸಿಯೇಷನ್ ನಿಯಮದ ಪ್ರಕಾರ ಪ್ರತಿ ಲಾ ವಿದ್ಯಾರ್ಥಿಯೂ ಕನಿಷ್ಠ 6 ಕ್ರೆಡಿಟ್‌ನಷ್ಟು ಪ್ರಾಯೋಗಿಕ ಕೋರ್ಸುಗಳನ್ನು ಮುಗಿಸಬೇಕು. ಕ್ಲಿನಿಕ್ ಅಂಥ ಕೋರ್ಸು, ನಿಮ್ಮ ಚಿತ್ರವೇ ಅದರ ಪಾಠ.

ನಮ್ಮ ತೀರ್ಪು ಮೊದಲೇ ಹೇಳಿಬಿಡುತ್ತೇವೆ: ಸೇವೆ ಉತ್ತಮವಾಗಿದೆ, ಆದರೆ ಎಡಿಟಿಂಗ್ ಇನ್ನೂ ಸಡಿಲವಾಗಿದ್ದಾಗ ಹೋದವರಿಗೆ ಮಾತ್ರ. ಪಿಕ್ಚರ್ ಲಾಕ್ ಆದಮೇಲೆ, ಅಂದರೆ ದೃಶ್ಯಗಳ ಜೋಡಣೆ ಅಂತಿಮವಾದ ಮೇಲೆ, ಉತ್ಸವಕ್ಕೆ ಮೂರು ವಾರ ಇರುವಾಗ ಹೋದರೆ ಸಿಗುವುದು ಬರೀ ಕೆಟ್ಟ ಸುದ್ದಿ. ಏಕೆಂದರೆ ಕ್ಲಿನಿಕ್ ಕೊಡುವ ನಿಜವಾದ ಸಂಗತಿ ಕೊನೆಯ ಪತ್ರವಲ್ಲ. ಪ್ರತಿ ಕ್ಲಿಪ್ ಪಕ್ಕದಲ್ಲಿ 'ಇದು ಇಲ್ಲಿ ಯಾಕಿದೆ' ಎಂದು ನಿಮ್ಮಿಂದಲೇ ಬರೆಸುವ ಶಿಸ್ತು. ಆ ಉತ್ತರ ಬರೆಯುವಾಗಲೇ ಚಿತ್ರ ಬದಲಾಗುತ್ತದೆ.

ಎಲ್ಲಿವೆ ಇವು? ವಾಷಿಂಗ್ಟನ್ ಡಿ.ಸಿ.ಯ ಅಮೆರಿಕನ್ ಯೂನಿವರ್ಸಿಟಿಯ ಗ್ಲುಶ್ಕೊ-ಸ್ಯಾಮ್ಯುಯೆಲ್ಸನ್ ಇಂಟಲೆಕ್ಚುಯಲ್ ಪ್ರಾಪರ್ಟಿ ಲಾ ಕ್ಲಿನಿಕ್ ಹಳೆಯದು. ಬರ್ಕ್‌ಲಿಯಲ್ಲಿ ಸ್ಯಾಮ್ಯುಯೆಲ್ಸನ್ ಕ್ಲಿನಿಕ್ ಇದೆ, ಆದರೆ ಅದರ ಒಲವು ತಂತ್ರಜ್ಞಾನ ಮತ್ತು ಸಾರ್ವಜನಿಕ ನೀತಿಯ ಕಡೆಗೆ. ದಕ್ಷಿಣ ಕ್ಯಾಲಿಫೋರ್ನಿಯಾದವರಿಗೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಅರ್ವೈನ್‌ನ ಇಂಟಲೆಕ್ಚುಯಲ್ ಪ್ರಾಪರ್ಟಿ, ಆರ್ಟ್ಸ್ ಅಂಡ್ ಟೆಕ್ನಾಲಜಿ ಕ್ಲಿನಿಕ್. ಫೇರ್ ಯೂಸ್ ಮತ್ತು ಡಿವಿಡಿ, ಬ್ಲೂ-ರೇ ಡಿಸ್ಕ್‌ಗಳ ಡಿಜಿಟಲ್ ಬೀಗದ ವಿಚಾರದಲ್ಲಿ ಆಳವಾಗಿ ಕೆಲಸ ಮಾಡಿದ್ದು ಅದು. ನ್ಯೂಯಾರ್ಕ್‌ನ ಕಾರ್ಡೋಜೊ ಲಾ ಸ್ಕೂಲ್‌ನಲ್ಲಂತೂ ಚಿತ್ರ ಮಾಡುವವರಿಗೆಂದೇ ಫಿಲ್ಮ್‌ಮೇಕರ್ಸ್ ಲೀಗಲ್ ಕ್ಲಿನಿಕ್ ಇದೆ. ಕಂಪನಿ ಸ್ಥಾಪನೆ, ಸಹನಿರ್ಮಾಪಕರ ಒಪ್ಪಂದ, ರಿಲೀಸ್ ಫಾರಂ (ಚಿತ್ರದಲ್ಲಿ ಕಾಣಿಸುವವರ ಒಪ್ಪಿಗೆಪತ್ರ) ಇತ್ಯಾದಿ ವ್ಯವಹಾರದ ಕಾಗದಪತ್ರವೂ ಬೇಕಿದ್ದರೆ ಇದು ಹೆಚ್ಚು ಹೊಂದುತ್ತದೆ.

ಈ ಸೇವೆಗೆ ಇಷ್ಟು ಬೆಲೆ ಬಂದದ್ದರ ಹಿಂದೆ ಒಂದು ಕಥೆ ಇದೆ. 2004ರಲ್ಲಿ ಅಮೆರಿಕನ್ ಯೂನಿವರ್ಸಿಟಿಯ ಪೆಟ್ರೀಷಿಯಾ ಆಫ್ಡರ್‌ಹೈಡ್ ಮತ್ತು ಪೀಟರ್ ಜಾಸ್ಜಿ ಸೇರಿ, ಹಕ್ಕುಗಳ ಅನುಮತಿ ಪಡೆಯುವುದರಲ್ಲಿ ಸಾಕ್ಷ್ಯಚಿತ್ರದವರು ಪಡುವ ಪಾಡಿನ ಬಗ್ಗೆ ವರದಿ ತಂದರು. ಕಾನೂನಿನಲ್ಲಿ ಫೇರ್ ಯೂಸ್ ಇದ್ದರೂ ಯಾರೂ ಬಳಸುತ್ತಿರಲಿಲ್ಲ, ಏಕೆಂದರೆ ವಿಮೆ ಕಂಪನಿ ಒಪ್ಪುತ್ತಿರಲಿಲ್ಲ. ವಿಮೆ ಇಲ್ಲದೆ ಚಾನೆಲ್ ತೆಗೆದುಕೊಳ್ಳುತ್ತಿರಲಿಲ್ಲ. 2005ರ ನವೆಂಬರ್‌ನಲ್ಲಿ ಸಾಕ್ಷ್ಯಚಿತ್ರಕಾರರ ಸಂಘಟನೆಗಳೇ ಕೂತು, ಫೇರ್ ಯೂಸ್‌ನಲ್ಲಿ ತಮ್ಮ ವೃತ್ತಿಯ ಸರಿಯಾದ ರೂಢಿ ಏನೆಂದು ಒಂದು ಹೇಳಿಕೆಯಾಗಿ ಬರೆದವು. 2007ರಲ್ಲಿ ಸ್ಟ್ಯಾನ್‌ಫರ್ಡ್‌ನ ಫೇರ್ ಯೂಸ್ ಪ್ರಾಜೆಕ್ಟ್ ಒಂದು ವಿಮೆ ಕಂಪನಿಯೊಂದಿಗೆ ಏರ್ಪಾಡು ಮಾಡಿಕೊಂಡಿತು. ಅದರ ಆಸುಪಾಸಿನಲ್ಲೇ ಉಳಿದ ಪ್ರಮುಖ ಕಂಪನಿಗಳೂ ದಾರಿಗೆ ಬಂದವು. ಅನುಭವಿ ವಕೀಲರ ಅಭಿಪ್ರಾಯಪತ್ರ ಇದ್ದರೆ ಎರರ್ಸ್ ಅಂಡ್ ಒಮಿಷನ್ಸ್ ವಿಮೆಯಲ್ಲಿ (ಚಿತ್ರದ ಮೇಲೆ ಹಕ್ಕುಗಳ ದಾವೆ ಬಿದ್ದರೆ ಖರ್ಚು ಭರಿಸುವ ವಿಮೆ) ಫೇರ್ ಯೂಸ್ ಕ್ಲಿಪ್‌ಗಳಿಗೂ ರಕ್ಷಣೆ ಸಿಗುವಂತಾಯಿತು. ವಿತರಕರು ಸಾಮಾನ್ಯವಾಗಿ ಕೇಳುವುದು ಒಂದು ಕ್ಲೇಮಿಗೆ 10 ಲಕ್ಷ ಡಾಲರ್, ಒಟ್ಟಾರೆ 30 ಲಕ್ಷ ಡಾಲರ್ ಮಿತಿಯ ಪಾಲಿಸಿ. ಖಾಸಗಿ ವಕೀಲರಿಂದ ಇಡೀ ಚಿತ್ರ ಪರಿಶೀಲಿಸಿ ಪತ್ರ ಪಡೆಯಲು ಸಾವಿರಾರು ಡಾಲರ್ ಬೇಕು. ಕ್ಲಿನಿಕ್ ತುಂಬುವ ಕಂದಕ ಇದೇ.

ಲೈಸೆನ್ಸ್ ಕೊಂಡುಬಿಟ್ಟರೆ ನಿಶ್ಚಿಂತೆ ಅಲ್ಲವೇ ಎನ್ನುವವರಿಗೆ ಒಂದು ಮಾತು. ಲೈಸೆನ್ಸ್‌ಗೆ ಅವಧಿ ಇರುತ್ತದೆ. ಅಮೆರಿಕದ ಕಪ್ಪುಜನರ ನಾಗರಿಕ ಹಕ್ಕು ಹೋರಾಟದ ಬಗ್ಗೆ 1987ರಲ್ಲಿ ಅಲ್ಲಿನ ಸಾರ್ವಜನಿಕ ಟೀವಿ ಜಾಲ ಪಿಬಿಎಸ್‌ನಲ್ಲಿ ಶುರುವಾದ 'ಐಸ್ ಆನ್ ದ ಪ್ರೈಜ್' ಸರಣಿಯ ಲೈಸೆನ್ಸ್‌ಗಳು 1990ರ ದಶಕದಲ್ಲಿ ಮುಗಿದವು. ಆಮೇಲೆ ವರ್ಷಗಟ್ಟಲೆ ಅದನ್ನು ಪ್ರಸಾರ ಮಾಡಲಾಗಲಿಲ್ಲ. ಅನುದಾನ ಹೊಂದಿಸಿ ಹಕ್ಕುಗಳನ್ನು ಮತ್ತೆ ಪಡೆದ ಮೇಲೆ, 2006ರಲ್ಲಿ ಅದು ಟೀವಿಗೆ ಮರಳಿತು. ಫೇರ್ ಯೂಸ್ ಆಗಿ ನಿಲ್ಲುವ ಕ್ಲಿಪ್‌ಗೆ ಇಂಥ ಗಡುವು ಇಲ್ಲ.

ಇನ್ನು ಕೆಲಸ ನಡೆಯುವ ರೀತಿ. ಅರ್ಜಿ ಹಾಕಿದ ಮೇಲೆ ಮೊದಲು ಹಿತಾಸಕ್ತಿ ಸಂಘರ್ಷದ ತಪಾಸಣೆ. ಕ್ಲಿನಿಕ್‌ನ ಬೇರೆ ಕಕ್ಷಿದಾರರಿಗೂ ನಿಮಗೂ ತಕರಾರು ಬರುವಂತಿದ್ದರೆ ಅಲ್ಲಿಗೇ ಮುಗಿಯಿತು. ನಂತರ ಒಪ್ಪಂದಪತ್ರ. ಯಾವ ಕೆಲಸ ಸೇರಿದೆ, ಯಾವುದು ಸೇರಿಲ್ಲ ಎಂದು ಅದರಲ್ಲಿರುತ್ತದೆ. ಪೂರ್ತಿ ಓದಿಯೇ ಸಹಿ ಹಾಕಿ. ಆಮೇಲೆ ಟೈಮ್‌ಕೋಡ್ (ಪ್ರತಿ ಫ್ರೇಮಿನ ಸಮಯದ ಗುರುತು) ಪರದೆಯ ಮೇಲೇ ಕಾಣುವಂತೆ ರೆಂಡರ್ ಮಾಡಿದ ಒಂದು ರಫ್ ಕಟ್ (ಇನ್ನೂ ತಿದ್ದಬಹುದಾದ ಎಡಿಟ್) ಮತ್ತು ಕ್ಲಿಪ್ ಲಾಗ್ (ಬಳಸಿದ ಕ್ಲಿಪ್‌ಗಳ ಪಟ್ಟಿ) ಕೊಡಬೇಕು.

ಲಾಗ್ ಮೇಲೆಯೇ ಎಲ್ಲ ನಿಂತಿದೆ. ಸ್ಪ್ರೆಡ್‌ಶೀಟ್‌ನಲ್ಲಿ ಇರಬೇಕಾದ ಕಾಲಂಗಳು ಹೀಗೆ: ಟೈಮ್‌ಕೋಡ್ ಶುರು, ಟೈಮ್‌ಕೋಡ್ ಕೊನೆ, ಸೆಕೆಂಡುಗಳಲ್ಲಿ ಉದ್ದ, ಮೂಲಕೃತಿಯ ಹೆಸರು ಮತ್ತು ವರ್ಷ, ಹಕ್ಕುದಾರರು ಯಾರು, ಮೂಲಕೃತಿಯ ಒಟ್ಟು ಉದ್ದ, ಕ್ಲಿಪ್ ನಿಮ್ಮ ಕೈಗೆ ಬಂದದ್ದು ಎಲ್ಲಿಂದ, ಅದರ ಮೇಲೆ ಯಾರ ಮಾತು ಓಡುತ್ತದೆ, ಅದು ಹೇಳುವ ವಿಷಯ ಏನು, ಅಂದರೆ ಅದು ಇಲ್ಲಿ ಯಾಕಿದೆ. ಒಂದು ಕೃತಿಗೆ ಒಂದು ಸಾಲಲ್ಲ, ಒಂದು ಬಳಕೆಗೆ ಒಂದು ಸಾಲು. ಒಂದೇ ಸುದ್ದಿ ತುಣುಕು ಚಿತ್ರದಲ್ಲಿ ಮೂರು ಕಡೆ ಬಂದಿದ್ದರೆ ಮೂರು ಸಾಲು, ಏಕೆಂದರೆ ಮೊದಲ ಸಲ ನ್ಯಾಯವಾದದ್ದು ಮೂರನೇ ಸಲ ಬರೀ ಅಲಂಕಾರವಾಗಿರಬಹುದು. ದೃಶ್ಯ ಮತ್ತು ಶಬ್ದವನ್ನೂ ಬೇರೆ ಮಾಡಿ ಬರೆಯಿರಿ. ಹಳೆಯ ಕಾರ್ಯಕ್ರಮದ ತುಣುಕಿನಲ್ಲಿ ಹಿನ್ನೆಲೆ ಸಂಗೀತವಿದ್ದರೆ ಅದಕ್ಕೆ ಬೇರೆ ಹಕ್ಕುದಾರರು. ಹಾಡಾದರೆ ರಚನೆಗೆ ಒಬ್ಬರು, ಧ್ವನಿಮುದ್ರಿಕೆಗೆ ಇನ್ನೊಬ್ಬರು.

'ಯಾಕಿದೆ' ಎಂಬ ಕಾಲಂನಲ್ಲಿ ಜನ ಸಾಮಾನ್ಯವಾಗಿ 'ಆ ಕಾಲದ ವಾತಾವರಣ ಕಟ್ಟಲು' ಎಂದು ಬರೆಯುತ್ತಾರೆ. ಈ ಉತ್ತರ ಸಾಲುವುದಿಲ್ಲ. ಲಾಸ್ ಏಂಜಲೀಸ್‌ನ ವಕೀಲ ಮೈಕೆಲ್ ಡೊನಾಲ್ಡ್‌ಸನ್ ಬಳಕೆಗೆ ತಂದ ಮೂರು ಪ್ರಶ್ನೆಗಳಿವೆ. ಈ ವಸ್ತು ನೀವು ಹೇಳುವ ಒಂದು ವಿಷಯವನ್ನು ತೋರಿಸುತ್ತದೆಯೇ ಅಥವಾ ಸಮರ್ಥಿಸುತ್ತದೆಯೇ? ಅದಕ್ಕೆ ಬೇಕಾದಷ್ಟನ್ನೇ ತೆಗೆದುಕೊಂಡಿದ್ದೀರಾ? ಇವೆರಡರ ನಂಟು ಸಾಮಾನ್ಯ ಪ್ರೇಕ್ಷಕರಿಗೆ ತಾನಾಗಿ ಗೊತ್ತಾಗುತ್ತದೆಯೇ? ಮೂರಕ್ಕೂ ಹೌದು ಎಂದರೆ ಸುರಕ್ಷಿತ ಜಾಗದಲ್ಲಿದ್ದೀರಿ. ಮೂರನೆಯದರಲ್ಲೇ ಹೆಚ್ಚು ಜನ ಎಡವುವುದು: ನಂಟು ನಿರ್ದೇಶಕರ ತಲೆಯಲ್ಲಿದೆ, ಪರದೆಯ ಮೇಲಿಲ್ಲ. ಅದಕ್ಕೆ ಮದ್ದು ಬಹಳ ಸಲ ಸುಲಭ. ಸಂದರ್ಶನದ ಮಾತನ್ನು ಆರು ಸೆಕೆಂಡು ಮುಂಚೆ ತಂದು ಕ್ಲಿಪ್ ಮೇಲೆ ಹರಿಸಿದರೆ ಸಾಕು. ರಫ್ ಕಟ್‌ನಲ್ಲಿ ಇದು ಹತ್ತು ನಿಮಿಷದ ಕೆಲಸ. ಮಿಕ್ಸಿಂಗ್ ಮುಗಿದ ಮೇಲೆ ಹಣ ಕೊಟ್ಟು ಮಾಡಿಸುವ ಕೆಲಸ.

ಒಂದು ದೃಶ್ಯವನ್ನು ಹತ್ತಿರದಿಂದ ನೋಡೋಣ. ವಲಸಿಗರೊಬ್ಬರ ಸಲೂನ್‌ನಲ್ಲಿ ಚಿತ್ರೀಕರಣ ಎಂದಿಟ್ಟುಕೊಳ್ಳಿ. ಮಾಲೀಕರು ಗಿರಾಕಿಯೊಂದಿಗೆ ಬಾಡಿಗೆಯ ಬಗ್ಗೆ ಮಾತಾಡುತ್ತಿದ್ದಾರೆ, ಮೂಲೆಯ ರೇಡಿಯೊದಲ್ಲಿ ಒಂದು ಜನಪ್ರಿಯ ಹಾಡು. 2005ರ ಹೇಳಿಕೆಯಲ್ಲಿ ಇದಕ್ಕೆಂದೇ ಒಂದು ವರ್ಗವಿದೆ: ಬೇರೇನನ್ನೋ ಚಿತ್ರೀಕರಿಸುವಾಗ ತಾನಾಗಿ ಸೆರೆಯಾದದ್ದು. ರೇಡಿಯೊ ಹಾಕಿದ್ದು ಮಾಲೀಕರು, ನೀವಲ್ಲ. ಹಾಡು ದೃಶ್ಯದ ಕೇಂದ್ರವಲ್ಲ. ಇಲ್ಲಿಯವರೆಗೆ ಸರಿ. ಈಗ ಎಡಿಟರ್ ಏನು ಮಾಡುತ್ತಾರೆ? ಸಲೂನ್‌ನಿಂದ ಹೆದ್ದಾರಿಯ ಶಾಟ್‌ಗೆ ಕಟ್ ಮಾಡಿ, ಹಾಡನ್ನು ನಾಲ್ಕು ಸೆಕೆಂಡು ಅದರ ಮೇಲೂ ಹರಿಯಬಿಡುತ್ತಾರೆ. ಹೀಗೆ ಶಬ್ದವನ್ನು ಮುಂದಿನ ಶಾಟ್ ಮೇಲೂ ಹರಿಸುವ ಎಲ್-ಕಟ್ ಎಡಿಟರ್‌ಗಳಿಗೆ ಕೈಚಳಕದಂತೆ ಬರುವ ಕೆಲಸ, ಆದರೆ ಇಲ್ಲಿ ಕೇಡು ಅದರಿಂದಲೇ. ಹೆದ್ದಾರಿಯಲ್ಲಿ ಆ ಹಾಡು ಕೇಳಿಬರುತ್ತಿರಲಿಲ್ಲ. ಅಲ್ಲಿ ಅದು ನೀವು ಹಾಕಿದ ಹಿನ್ನೆಲೆ ಸಂಗೀತ. ಹಾಡಿನ ತಾಳಕ್ಕೆ ಸರಿಯಾಗಿ ಶಾಟ್‌ಗಳನ್ನು ಕತ್ತರಿಸಿದ್ದರೂ ಇದೇ ಗತಿ. ಹೇಳಿಕೆಯಲ್ಲಿ ಈ ಎರಡೂ ತಪ್ಪುಗಳು ಹೆಸರಿಟ್ಟು ಬರೆದಿವೆ. ಕ್ಲಿನಿಕ್‌ನ ವಿದ್ಯಾರ್ಥಿ ಇಂಥದನ್ನು ಹಿಡಿದೇ ಹಿಡಿಯುತ್ತಾರೆ. ಸಲೂನ್‌ನ ಕೊನೆಯ ಫ್ರೇಮ್‌ಗೆ ಹಾಡು ನಿಂತರೆ ಲೈಸೆನ್ಸ್ ಬೇಕಿಲ್ಲ, ನಾಲ್ಕು ಸೆಕೆಂಡು ಹೆಚ್ಚಾದರೆ ಎರಡು ಲೈಸೆನ್ಸ್ ಬೇಕು. ಇಷ್ಟು ಸೂಕ್ಷ್ಮವಾಗಿ ನೋಡುವ ಕಣ್ಣು ಪುಕ್ಕಟೆ ಸಿಗುತ್ತದೆ ಎಂಬುದೇ ನಮಗೆ ಈ ಸೇವೆಯ ಮೇಲಿರುವ ಗೌರವಕ್ಕೆ ಕಾರಣ.

ಹೇಳಿಕೆಯ ಉಳಿದ ಮೂರು ವರ್ಗಗಳಲ್ಲಿ ಟೀಕೆಗೆ ಗುರಿಯಾದ ಕೃತಿಯನ್ನೇ ತೋರಿಸುವುದು ಎಲ್ಲಕ್ಕಿಂತ ಗಟ್ಟಿ. ಒಂದು ವಾದಕ್ಕೆ ಉದಾಹರಣೆಯಾಗಿ ಜನಪ್ರಿಯ ಕೃತಿಯನ್ನು ಉಲ್ಲೇಖಿಸುವುದು ನಡುವೆ. ಚರಿತ್ರೆಯ ನಿರೂಪಣೆಯಲ್ಲಿ ಬಳಸುವುದು ನಾಜೂಕಿನದು. ಇದಕ್ಕೆ ಷರತ್ತುಗಳು ಹೆಚ್ಚು: ಇಡೀ ಚಿತ್ರವನ್ನು ಆ ವಸ್ತುವಿನ ಸುತ್ತಲೇ ಹೆಣೆದಿರಬಾರದು, ಒಂದೇ ಮೂಲದ ಮೇಲೆ ಅತಿಯಾಗಿ ಆತುಕೊಂಡಿರಬಾರದು, ಅದರ ಬದಲಿಗೆ ಬೇರೆ ಇಲ್ಲದಿರಬೇಕು, ಜತೆಗೆ ಲೈಸೆನ್ಸ್ ಸಿಗದಂತಿರಬೇಕು ಅಥವಾ ಲೈಸೆನ್ಸ್‌ನ ಬೆಲೆ ಸಾಧಾರಣ ಬಜೆಟ್ಟಿಗೆ ನಿಲುಕದಿರಬೇಕು, ಹಕ್ಕುದಾರರ ಹೆಸರು ಹಾಕಿರಬೇಕು.

'ಇಷ್ಟು ಸೆಕೆಂಡಿನೊಳಗಿದ್ದರೆ ತೊಂದರೆ ಇಲ್ಲ' ಎಂಬ ಲೆಕ್ಕ ಎಲ್ಲೂ ಇಲ್ಲ. ಅಮೆರಿಕದ ಕಾಪಿರೈಟ್ ಕಾಯ್ದೆಯ 107ನೇ ಕಲಂ ನಾಲ್ಕು ಅಂಶಗಳನ್ನು ತೂಗಲು ಹೇಳುತ್ತದೆ: ಬಳಕೆಯ ಉದ್ದೇಶ ಮತ್ತು ಸ್ವರೂಪ, ಮೂಲಕೃತಿಯ ಸ್ವಭಾವ, ತೆಗೆದುಕೊಂಡ ಪ್ರಮಾಣ, ಮೂಲದ ಮಾರುಕಟ್ಟೆಗೆ ಆಗುವ ಪೆಟ್ಟು. ಪ್ರಮಾಣ ಹೇಗೆ ಎರಡು ಕಡೆಗೂ ವಾಲುತ್ತದೆ ಎಂಬುದಕ್ಕೆ ಎರಡು ಮೊಕದ್ದಮೆ ಸಾಕು. ಎಲ್ವಿಸ್ ಪ್ರೀಸ್ಲಿಯ ಬಗ್ಗೆ 16 ಗಂಟೆಯ ಸಾಕ್ಷ್ಯಚಿತ್ರ ಮಾಡಿದ ಕಂಪನಿ 2003ರಲ್ಲಿ ಒಂಬತ್ತನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯದಲ್ಲಿ ಸೋತಿತು. ಟೀವಿ ಕಾರ್ಯಕ್ರಮಗಳ ತುಣುಕುಗಳು ಮಾಹಿತಿಗೆ ಬೇಕಾದದ್ದಕ್ಕಿಂತ ಉದ್ದವಾಗಿ, ಮೂಲದಂತೆಯೇ ಮನರಂಜನೆಯಾಗಿ ಓಡಿದ್ದವು. ಇನ್ನೊಂದರಲ್ಲಿ, ನರ್ತಕಿಯರ ಬಗೆಗಿನ ಸಾಕ್ಷ್ಯಚಿತ್ರವೊಂದರಲ್ಲಿ ವೇದಿಕೆಯ ಪ್ರದರ್ಶನದ ಭಾಗವಾಗಿ ಒಂದು ಹಾಡು ಸುಮಾರು 8 ಸೆಕೆಂಡು ಕೇಳಿಸಿತು. ಹಾಡಿನವರು ನೆಟ್‌ಫ್ಲಿಕ್ಸ್ ಮುಂತಾದವರ ಮೇಲೆ ದಾವೆ ಹೂಡಿದರು. ನ್ಯೂಯಾರ್ಕ್‌ನ ನ್ಯಾಯಾಲಯ 2020ರಲ್ಲಿ ಅದು ಫೇರ್ ಯೂಸ್ ಎಂದು ಆರಂಭದ ಹಂತದಲ್ಲೇ ವಜಾ ಮಾಡಿತು, 2021ರಲ್ಲಿ ಮೇಲ್ಮನವಿಯಲ್ಲೂ ಅದೇ ನಿಂತಿತು.

2023ರ ಮೇ ತಿಂಗಳಲ್ಲಿ ಬಂದ, ಕಲಾವಿದ ಆಂಡಿ ವಾರ್ಹೊಲ್ ಚಿತ್ರದ ಕುರಿತ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಕ್ಲಿನಿಕ್‌ಗಳ ಪ್ರಶ್ನೆಗಳು ಇನ್ನಷ್ಟು ಮೊನಚಾಗಿವೆ, ಅದು ಸರಿಯೇ. ಹೊಸ ಅರ್ಥ ಸೇರಿಸಿದ್ದೇನೆ ಎಂದಷ್ಟೇ ಹೇಳಿದರೆ ಈಗ ನಡೆಯುವುದಿಲ್ಲ. ನಿಮ್ಮ ಬಳಕೆಯ ಉದ್ದೇಶವೂ ಮೂಲದ ಉದ್ದೇಶವೂ ಒಂದೇ ಅಥವಾ ಹೆಚ್ಚುಕಡಿಮೆ ಒಂದೇ ಆಗಿದ್ದು, ನಿಮ್ಮ ಬಳಕೆ ವ್ಯಾಪಾರಕ್ಕಿದ್ದರೆ, ಬಳಸಲು ಬೇರೆ ಸಮರ್ಥನೆ ಬೇಕು. ಇನ್ನೊಬ್ಬರ ಸಾಕ್ಷ್ಯಚಿತ್ರದಿಂದ ಊರಿನ ನೋಟ ತೆಗೆದು ನಿಮ್ಮ ಚಿತ್ರದಲ್ಲೂ ಊರಿನ ನೋಟವಾಗಿಯೇ ಹಾಕಿದರೆ ಯಾವ ಕ್ಲಿನಿಕ್ಕೂ ಹಸಿರು ನಿಶಾನೆ ತೋರಿಸದು. ಅಂಥವಕ್ಕೆ ಹಣ ತೆಗೆದಿಡಿ.

ಕ್ಲಿಪ್ ಬಳಸುವ ಹಕ್ಕು ಒಂದು, ಅದನ್ನು ಡಿಸ್ಕ್‌ನಿಂದ ತೆಗೆಯುವ ಹಕ್ಕು ಇನ್ನೊಂದು. ಡಿವಿಡಿ, ಬ್ಲೂ-ರೇ, ಸ್ಟ್ರೀಮಿಂಗ್‌ಗೆ ಹಾಕಿದ ಡಿಜಿಟಲ್ ಬೀಗ ಒಡೆಯುವುದು 1201ನೇ ಕಲಂ ಪ್ರಕಾರ ಪ್ರತ್ಯೇಕ ತಪ್ಪು. 2010ರಲ್ಲಿ ಸಾಕ್ಷ್ಯಚಿತ್ರದವರಿಗೆ ಇದರಿಂದ ಮೊದಲ ವಿನಾಯಿತಿ ಸಿಕ್ಕಿತು. ಚಿತ್ರಕಾರರ ಪರವಾಗಿ ಅದಕ್ಕೆ ದುಡಿದವರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯ ಕ್ಲಿನಿಕ್ ಇತ್ತು, ಮುಂದೆ ಅರ್ವೈನ್ ಆ ಕೆಲಸ ಮುಂದುವರಿಸಿತು. ವಿನಾಯಿತಿ ಮೂರು ವರ್ಷಕ್ಕೊಮ್ಮೆ ನವೀಕರಣವಾಗಬೇಕು. ಕೊನೆಯದಾಗಿ ಆದದ್ದು 2024ರ ಅಕ್ಟೋಬರ್‌ನಲ್ಲಿ. ಷರತ್ತು ಇಷ್ಟು: ನಿಮ್ಮ ಬಳಿಯಿರುವ ಪ್ರತಿಯು ಕಾನೂನುಬದ್ಧವಾಗಿ ಪಡೆದದ್ದಾಗಿರಬೇಕು, ತುಣುಕು ಚಿಕ್ಕದಿರಬೇಕು, ಟೀಕೆ ಅಥವಾ ವ್ಯಾಖ್ಯಾನಕ್ಕಾಗಿರಬೇಕು, ಸ್ಕ್ರೀನ್ ರೆಕಾರ್ಡಿಂಗ್‌ನಿಂದ ಬೇಕಾದ ಗುಣಮಟ್ಟ ಬರುವುದಿಲ್ಲ ಎಂದು ನಂಬಲು ಕಾರಣವಿರಬೇಕು. ಡಿಸ್ಕ್ ಕೊಂಡ ರಸೀದಿಯನ್ನು ಲಾಗ್ ಜತೆ ಇಟ್ಟುಕೊಳ್ಳಿ.

ಈಗ ಕೊರತೆಗಳು. ಮೊದಲನೆಯದು ಪಂಚಾಂಗ. ಕ್ಲಿನಿಕ್ ನಡೆಯುವುದು ಸೆಮಿಸ್ಟರ್ ಲೆಕ್ಕದಲ್ಲಿ, ಆಗಸ್ಟ್‌ನಿಂದ ಡಿಸೆಂಬರ್, ಜನವರಿಯಿಂದ ಮೇ ಮೊದಲ ವಾರದವರೆಗೆ. ಡಿಸೆಂಬರ್‌ನಲ್ಲಿ ನಿಮ್ಮ ಚಿತ್ರ ಬಲ್ಲ ವಿದ್ಯಾರ್ಥಿ ಹೋಗಿ ಜನವರಿಯಲ್ಲಿ ಹೊಸಬರು ಬರಬಹುದು. ಹೊಸ ಕಟ್ ಕಳಿಸುವಾಗ ಹಳೆಯ ಲಾಗ್‌ನಲ್ಲಿ ಏನು ಬದಲಾಯಿತು ಎಂದು ಬಣ್ಣ ಹಚ್ಚಿ ತೋರಿಸದಿದ್ದರೆ ಎಲ್ಲ ಮತ್ತೆ ಮೊದಲಿಂದ. ಎರಡನೆಯದು, ವಿಮೆ ಕಂಪನಿಗೆ ಯಾರ ಸಹಿ ಬೇಕು ಎಂಬುದು. ಕೆಲವರು ತಮ್ಮ ಪಟ್ಟಿಯಲ್ಲಿರುವ ವಕೀಲರ ಪತ್ರವನ್ನೇ ಕೇಳುತ್ತಾರೆ. ಆದ್ದರಿಂದ ಬ್ರೋಕರ್ ಬಳಿ ಮೊದಲೇ ವಿಚಾರಿಸಿ, ಪತ್ರ ಬರೆಯುವ ಕೆಲಸ ಒಪ್ಪಂದದಲ್ಲಿ ಸೇರಿದೆಯೇ ಎಂದು ಕ್ಲಿನಿಕ್‌ನಲ್ಲೂ ಕೇಳಿ. ಬೇರೆ ವಕೀಲರೇ ಪತ್ರ ಬರೆಯಬೇಕಾದರೂ ಕ್ಲಿನಿಕ್‌ನಲ್ಲಿ ಹದಗೊಂಡ ಲಾಗ್ ಇದ್ದರೆ ಅವರ ಗಂಟೆಗಳು, ಅಂದರೆ ನಿಮ್ಮ ಬಿಲ್ಲು, ಇಳಿಯುತ್ತದೆ.

ಇನ್ನೊಂದು ಎಚ್ಚರಿಕೆ: ಕ್ಲಿನಿಕ್‌ನಿಂದ ಎರಡು ಬಗೆಯ ಕಾಗದ ಬರುತ್ತದೆ. ಒಂದು ನಿಮಗಾಗಿ ಬರೆದ ಟಿಪ್ಪಣಿ, ಅದರಲ್ಲಿ 'ಈ ಕ್ಲಿಪ್ ದುರ್ಬಲ' ಎಂದು ಬಿಚ್ಚಿ ಹೇಳಿರುತ್ತಾರೆ. ಇನ್ನೊಂದು ಹೊರಗಿನವರಿಗೆ ತೋರಿಸಲೆಂದೇ ಬರೆದ ಅಭಿಪ್ರಾಯಪತ್ರ. ಮೊದಲನೆಯದನ್ನು ವಿತರಕರಿಗೋ ಉತ್ಸವದವರಿಗೋ ಫಾರ್ವರ್ಡ್ ಮಾಡಿದರೆ ವಕೀಲ-ಕಕ್ಷಿದಾರರ ಗೋಪ್ಯತೆಯ ರಕ್ಷಣೆ ಕೈತಪ್ಪಬಹುದು. ನಾಳೆ ದಾವೆ ಬಿದ್ದರೆ ಅದೇ ಎದುರಾಳಿಯ ಕೈಯಲ್ಲಿರುತ್ತದೆ. ಉದ್ದೇಶಪೂರ್ವಕ ಉಲ್ಲಂಘನೆ ಎಂದಾದರೆ ಶಾಸನಬದ್ಧ ಪರಿಹಾರ ಒಂದು ಕೃತಿಗೆ ಒಂದೂವರೆ ಲಕ್ಷ ಡಾಲರ್‌ವರೆಗೂ ಏರುತ್ತದೆ.

ಫೇರ್ ಯೂಸ್ ಎಂಬುದು ನೀವು ಸಹಿ ಹಾಕಿದ ಒಪ್ಪಂದವನ್ನು ಮೀರುವುದಿಲ್ಲ ಎಂಬುದೂ ಬಹಳ ಜನರಿಗೆ ತಡವಾಗಿ ತಿಳಿಯುತ್ತದೆ. ಆರ್ಕೈವ್‌ನಿಂದ ಸ್ಕ್ರೀನರ್ (ನೋಡಲೆಂದು ಕೊಡುವ ಪ್ರತಿ) ತರಿಸುವಾಗ 'ಲೈಸೆನ್ಸ್ ಇಲ್ಲದೆ ಬಳಸುವುದಿಲ್ಲ' ಎಂದು ಸಹಿ ಹಾಕಿದ್ದರೆ, ಕಾಪಿರೈಟ್ ವಿಚಾರದಲ್ಲಿ ಗೆದ್ದರೂ ಒಪ್ಪಂದ ಮುರಿದ ಹೊಣೆ ಉಳಿಯುತ್ತದೆ. ಮಾನನಷ್ಟ, ಖಾಸಗಿತನ, ವ್ಯಕ್ತಿಯ ಹೆಸರು-ಮುಖ ಬಳಸುವ ಹಕ್ಕು ಬೇರೆಯೇ ವಿಷಯಗಳು, ಅಭಿಪ್ರಾಯಪತ್ರ ಅವನ್ನು ಮುಟ್ಟುವುದಿಲ್ಲ. ಟ್ರೇಲರ್ ಮತ್ತು ಪೋಸ್ಟರ್ ಕೂಡ ತಾವಾಗಿ ಸೇರುವುದಿಲ್ಲ. ಚಿತ್ರದೊಳಗೆ ಸಂದರ್ಶನದ ಮಾತಿನಿಂದ ಸಮರ್ಥನೆ ಪಡೆದ ಕ್ಲಿಪ್, ಟ್ರೇಲರ್‌ನಲ್ಲಿ ಆ ಮಾತಿಲ್ಲದೆ ಬರೀ ಆಕರ್ಷಣೆಯಾಗಿ ನಿಂತಿರುತ್ತದೆ. ಟ್ರೇಲರ್‌ಗೆ ಬೇರೆ ಲಾಗ್ ಮಾಡಿ.

ಕನ್ನಡದಲ್ಲಿ ಸಾಕ್ಷ್ಯಚಿತ್ರ ಮಾಡುವವರಿಗೆ ಇದರಿಂದ ಎಷ್ಟು ಉಪಯೋಗ? ಅಮೆರಿಕದಲ್ಲಿ ನೆಲೆಸಿ ಅಲ್ಲೇ ಬಿಡುಗಡೆ ಮಾಡುವ ಕನ್ನಡಿಗರಿಗೆ ಪೂರ್ತಿ ಉಪಯೋಗ. ಭಾರತದಲ್ಲಷ್ಟೇ ತೋರಿಸುವ ಚಿತ್ರಕ್ಕೆ ಆ ಪತ್ರ ಕೆಲಸಕ್ಕೆ ಬಾರದು. ನಮ್ಮ 1957ರ ಕಾಪಿರೈಟ್ ಕಾಯ್ದೆಯ 52ನೇ ಕಲಂನಲ್ಲಿರುವುದು ಫೇರ್ ಡೀಲಿಂಗ್. ಸಂಶೋಧನೆಯೂ ಸೇರಿದ ಖಾಸಗಿ ಬಳಕೆ, ವಿಮರ್ಶೆ, ಪ್ರಚಲಿತ ಘಟನೆಗಳ ವರದಿ ಎಂದು ಉದ್ದೇಶಗಳನ್ನು ಹೆಸರಿಸಿದೆ, ಆ ಚೌಕಟ್ಟಿನೊಳಗೆ ಬರಬೇಕು. ಸಲೂನ್‌ನ ಉದಾಹರಣೆಯನ್ನೇ ಇಲ್ಲಿಗೆ ತಂದರೆ ವ್ಯತ್ಯಾಸ ತಿಳಿಯುತ್ತದೆ: ಗೋಡೆಯ ಕ್ಯಾಲೆಂಡರ್ ಚಿತ್ರ ಹಿನ್ನೆಲೆಯಲ್ಲಿ ಕಂಡರೆ 52(1)(ಯು) ರಕ್ಷಿಸುತ್ತದೆ, ಏಕೆಂದರೆ ಅದು ಕಲಾಕೃತಿ. ರೇಡಿಯೊದ ಹಾಡಿಗೆ ಆ ಉಪಕಲಂ ಅನ್ವಯಿಸುವುದಿಲ್ಲ. ಇನ್ನು ಇಂಥ ಕ್ಲಿನಿಕ್ ಇಲ್ಲೇ ಬೆಳೆಯಲು ಅಡ್ಡಿ ಕಾಯ್ದೆಗಿಂತ ಬಾರ್ ಕೌನ್ಸಿಲ್ ನಿಯಮಗಳಲ್ಲಿದೆ: ಅಮೆರಿಕದ ರಾಜ್ಯಗಳಂತೆ ಮೇಲ್ವಿಚಾರಣೆಯಲ್ಲಿ ವಿದ್ಯಾರ್ಥಿಗಳು ವಕಾಲತ್ತು ನಡೆಸುವ ಅವಕಾಶ ಇಲ್ಲಿಲ್ಲ, ಪೂರ್ಣಾವಧಿ ಸಂಬಳದ ಅಧ್ಯಾಪಕರು ವಕೀಲಿ ಮಾಡುವಂತಿಲ್ಲ. ಇದು ಬದಲಾಗಬೇಕೆಂಬುದು ನಮ್ಮ ಗಟ್ಟಿ ಅಭಿಪ್ರಾಯ.

ಅರ್ಜಿ ಹಾಕುವವರು ಸೆಮಿಸ್ಟರ್ ಶುರುವಾಗುವುದಕ್ಕೆ ಎರಡು ತಿಂಗಳಾದರೂ ಮುಂಚೆ ಬರೆಯಿರಿ. ಮೇಲ್‌ನಲ್ಲಿ ಚಿತ್ರದ ವಿಷಯ ಎರಡು ಸಾಲು, ಒಟ್ಟು ಬಜೆಟ್, ಈಗಿನ ಕಟ್‌ನ ಉದ್ದ, ಅನುಮತಿ ಇಲ್ಲದ ಬಳಕೆಗಳ ಸಂಖ್ಯೆ, ಪಿಕ್ಚರ್ ಲಾಕ್‌ನ ಅಂದಾಜು ತಾರೀಖು, ವಿತರಕರು ಗೊತ್ತಾಗಿದ್ದರೆ ಅವರ ವಿಮೆ ಷರತ್ತು ಇಷ್ಟಿರಲಿ. ಹಕ್ಕುದಾರರಿಂದ ಈಗಾಗಲೇ ನೋಟಿಸ್ ಬಂದಿದ್ದರೆ ಮೊದಲ ಸಾಲಿನಲ್ಲೇ ಹೇಳಿ. ನಿಮ್ಮದೇ ಚಿತ್ರದ ಕಾಪಿರೈಟ್ ನೋಂದಣಿಯನ್ನೂ ಅದೇ ಕ್ಲಿನಿಕ್‌ನಲ್ಲಿ ಕೇಳಿ ಮಾಡಿಸಿಕೊಳ್ಳಬಹುದು. ಸರ್ಕಾರಿ ಶುಲ್ಕ 65 ಡಾಲರ್ ನಿಮ್ಮ ಕೈಯಿಂದ. ಬಿಡುಗಡೆಯಾಗಿ ಮೂರು ತಿಂಗಳೊಳಗೆ ಮಾಡಿಸಿದರೆ, ಆ ನಡುವೆ ಯಾರಾದರೂ ನಿಮ್ಮ ಚಿತ್ರವನ್ನು ಕದ್ದಿದ್ದರೂ ಶಾಸನಬದ್ಧ ಪರಿಹಾರ ಮತ್ತು ವಕೀಲರ ಖರ್ಚು ಕೇಳುವ ದಾರಿ ತೆರೆದಿರುತ್ತದೆ.